ಥೈರಾಯ್ಡ್ ಆಂಟಿಬಾಡಿ ರಿಪೋರ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಆಂಟಿಬಾಡಿ ರಿಪೋರ್ಟ್ ಕೈಗೆ ಬಂದ ದಿನ ಎಂಥವರಿಗೂ ಗಾಬರಿಯಾಗುತ್ತದೆ. ನಾರ್ಮಲ್ ಮಿತಿ 34 ಅಂತ ಇರುತ್ತದೆ, ನಮ್ಮ ಸಂಖ್ಯೆ 600 ದಾಟಿರುತ್ತದೆ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಹೈ’ ಅಂತ ಬೇರೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟುಗೂಡಿಸಿದ್ದೇನೆ. ಸುಲಭದವು ಮೊದಲು, ಬಿಡಿಸಿ ಹೇಳಬೇಕಾದವು ಆಮೇಲೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು, ಡೋಸ್ ಬದಲಿಸುವುದು ಮಾತ್ರ ನಿಮ್ಮನ್ನು ಪರೀಕ್ಷೆ ಮಾಡಿದ ಡಾಕ್ಟರ್ ಜೊತೆ ಮಾತಾಡಿಯೇ ಆಗಬೇಕು.

## ಮೊದಲಿಗೆ ತಿಳಿಯಬೇಕಾದವು

ಆಂಟಿಬಾಡಿ ಅಂದ್ರೆ ರೋಗದ ವಿರುದ್ಧ ಹೋರಾಡೋದು ಅಲ್ವಾ? ಅದು ನಮ್ಮ ಥೈರಾಯ್ಡ್ ಮೇಲೇ ಯಾಕೆ ತಿರುಗಿಬೀಳುತ್ತೆ?

ಹೌದು, ಹೊರಗಿನಿಂದ ಬಂದ ವೈರಸ್, ಬ್ಯಾಕ್ಟೀರಿಯಾಗಳನ್ನು ಗುರುತು ಹಿಡಿಯುವುದೇ ಆಂಟಿಬಾಡಿಗಳ ಕೆಲಸ. ಕೆಲವರ ದೇಹದಲ್ಲಿ ಈ ಗುರುತು ತಪ್ಪುತ್ತದೆ. ಥೈರಾಯ್ಡ್ ಗ್ರಂಥಿಯ ಪ್ರೋಟೀನುಗಳೇ ಪರಕೀಯವಾಗಿ ಕಾಣುತ್ತವೆ. ಇಂಥ ಕಾಯಿಲೆಗಳಿಗೆ ಆಟೋಇಮ್ಯೂನ್ ಕಾಯಿಲೆ ಅನ್ನುತ್ತಾರೆ. ದೇಹ ತನ್ನ ಮೇಲೆ ತಾನೇ ದಾಳಿ ಮಾಡಲಾರದು ಅಂತ ವಿಜ್ಞಾನಿಗಳೂ ಬಹಳ ಕಾಲ ನಂಬಿದ್ದರು. 1956ರಲ್ಲಿ ಲಂಡನ್ನಿನಲ್ಲಿ ಐವಾನ್ ರಾಯಿಟ್, ಡೆಬೋರಾ ಡೋನಿಯಾಕ್ ಮತ್ತು ಜೊತೆಗಾರರು ಹಾಶಿಮೊಟೊ, ಅಂದರೆ ಈ ದಾಳಿಯಿಂದ ಥೈರಾಯ್ಡ್ ನಿಧಾನವಾಗಿ ಹಾಳಾಗುವ ಕಾಯಿಲೆ ಇದ್ದವರ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಆಂಟಿಬಾಡಿಗಳನ್ನು ತೋರಿಸಿದರು. ಆಮೇಲೆ ಆ ನಂಬಿಕೆ ಉಳಿಯಲಿಲ್ಲ.

ಯಾಕೆ ಹೀಗಾಗುತ್ತದೆ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ವಂಶದಿಂದ ಬಂದ ಜೀನ್‌ಗಳ ಪಾತ್ರ ದೊಡ್ಡದು. ಹೆಂಗಸರಲ್ಲಿ ಗಂಡಸರಿಗಿಂತ ಹಲವು ಪಟ್ಟು ಜಾಸ್ತಿ. ಹೆರಿಗೆ, ಅತಿಯಾದ ಅಯೋಡಿನ್, ಕೆಲವು ಔಷಧಿಗಳು ಇದಕ್ಕೆ ಕಿಡಿ ಹಚ್ಚಬಹುದು. ‘ನಾನೇ ಏನೋ ತಪ್ಪು ಮಾಡಿದೆ’ ಅಂತ ಕೊರಗುವವರನ್ನು ತುಂಬಾ ನೋಡಿದ್ದೇನೆ. ದಯವಿಟ್ಟು ಆ ಭಾರ ಹೊರಬೇಡಿ. ಇದು ಯಾರೂ ಮಾಡಿಕೊಂಡದ್ದಲ್ಲ.

ಟಿಪಿಓ, ಟಿಜಿ, ಟಿಆರ್‌ಎಬಿ, ಟಿಎಸ್‌ಐ... ಇಷ್ಟೊಂದು ಹೆಸರು. ಯಾವುದು ಏನು?

ಮುಖ್ಯವಾದವು ಮೂರೇ.

ಮೊದಲನೆಯದು ಆಂಟಿ ಟಿಪಿಓ. ಥೈರಾಯ್ಡ್ ಹಾರ್ಮೋನ್ ತಯಾರಿಸಲು ಗ್ರಂಥಿಯೊಳಗೆ ಥೈರಾಯ್ಡ್ ಪೆರಾಕ್ಸಿಡೇಸ್ ಅನ್ನುವ ಕಿಣ್ವ ಬೇಕು. ಅಯೋಡಿನ್ನನ್ನು ಜೋಡಿಸುವುದು ಅದೇ. ಅದರ ವಿರುದ್ಧದ ಆಂಟಿಬಾಡಿ ಇದು. ಹಾಶಿಮೊಟೊ ಇರುವ ನೂರರಲ್ಲಿ ತೊಂಬತ್ತರಷ್ಟು ಜನರಲ್ಲಿ ಪಾಸಿಟಿವ್ ಬರುತ್ತದೆ. ಹಳೆಯ ರಿಪೋರ್ಟುಗಳಲ್ಲಿ ‘ಮೈಕ್ರೋಸೋಮಲ್ ಆಂಟಿಬಾಡಿ’ ಅಂತ ಇದ್ದರೆ ಅದೂ ಇದೇ.

ಎರಡನೆಯದು ಆಂಟಿ ಟಿಜಿ. ಹಾರ್ಮೋನ್ ತಯಾರಾಗುವುದು ಥೈರೋಗ್ಲೋಬ್ಯುಲಿನ್ ಅನ್ನುವ ಪ್ರೋಟೀನಿನ ಮೇಲೆ. ಅದರ ವಿರುದ್ಧದ್ದು ಇದು. ಹಾಶಿಮೊಟೊ ಪತ್ತೆಗೆ ಟಿಪಿಓ ಇದ್ದರೆ ಸಾಮಾನ್ಯವಾಗಿ ಸಾಕು. ಟಿಜಿಯ ನಿಜವಾದ ಉಪಯೋಗ ಥೈರಾಯ್ಡ್ ಕ್ಯಾನ್ಸರ್ ಆದವರಲ್ಲಿ, ಅದನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ಮೂರನೆಯದು ಟಿಆರ್‌ಎಬಿ. ಮೆದುಳಿನ ಪಿಟ್ಯುಟರಿ ಗ್ರಂಥಿಯಿಂದ ಬಂದು ಥೈರಾಯ್ಡಿಗೆ ‘ಕೆಲಸ ಮಾಡು’ ಅಂತ ಹೇಳುವ ಹಾರ್ಮೋನ್ ಟಿಎಸ್‌ಎಚ್ ಹೋಗಿ ಕೂರುವ ಜಾಗದಲ್ಲಿ ಈ ಆಂಟಿಬಾಡಿ ಹೋಗಿ ಕೂರುತ್ತದೆ. ಬಹಳ ಸಲ ಗ್ರಂಥಿಯನ್ನು ವಿಪರೀತ ಕೆಲಸ ಮಾಡುವಂತೆ ಕೆರಳಿಸುತ್ತದೆ. ಅದೇ ಗ್ರೇವ್ಸ್ ಕಾಯಿಲೆ. ಕೆರಳಿಸುವ ಆಂಟಿಬಾಡಿಯನ್ನು ಮಾತ್ರ ಬೇರೆಯಾಗಿ ಅಳೆದರೆ ಅದಕ್ಕೆ ಟಿಎಸ್‌ಐ ಅನ್ನುತ್ತಾರೆ.

ಟಿಎಸ್‌ಎಚ್ ನಾರ್ಮಲ್, ಆಂಟಿ ಟಿಪಿಓ ಮಾತ್ರ ಹೈ. ನನಗೆ ಥೈರಾಯ್ಡ್ ಕಾಯಿಲೆ ಇದೆಯೋ ಇಲ್ವೋ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಿಮ್ಮ ಗ್ರಂಥಿ ಈಗ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಮುಂದೆ ಸೋಲುವ ಸಾಧ್ಯತೆ ಮಾತ್ರ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ. ಆಂಟಿಬಾಡಿ ಹೇಳುವುದು ಕಾರಣವನ್ನು. ಗ್ರಂಥಿ ಹೇಗಿದೆ ಅಂತ ಹೇಳುವುದು ಟಿಎಸ್‌ಎಚ್ ಮತ್ತು ಫ್ರೀ ಟಿ4. ಟಿ3, ಟಿ4 ಥೈರಾಯ್ಡ್ ತಯಾರಿಸುವ ಹಾರ್ಮೋನುಗಳು. ಅವು ಕಡಿಮೆಬಿದ್ದರೆ ಟಿಎಸ್‌ಎಚ್ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಇದೊಂದು ಗೊತ್ತಿದ್ದರೆ ರಿಪೋರ್ಟಿನ ಅರ್ಧ ಗೊಂದಲ ಕಳೆಯುತ್ತದೆ.

ಸಾಧ್ಯತೆ ಎಷ್ಟು? ಇಂಗ್ಲೆಂಡಿನ ವಿಕ್‌ಹ್ಯಾಮ್ ಅನ್ನುವ ಕಡೆ 1970ರ ದಶಕದಲ್ಲಿ ಪರೀಕ್ಷೆ ಮಾಡಿದ ಜನರನ್ನೇ 20 ವರ್ಷದ ಮೇಲೆ ಮತ್ತೆ ನೋಡಿದರು. ಆಂಟಿಬಾಡಿ ಮಾತ್ರ ಪಾಸಿಟಿವ್ ಇದ್ದ ಹೆಂಗಸರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 2 ಜನರಿಗೆ ಹೈಪೋಥೈರಾಯ್ಡ್, ಅಂದರೆ ಥೈರಾಯ್ಡ್ ಹಾರ್ಮೋನಿನ ಕೊರತೆ ಬಂದಿತ್ತು. ಆಂಟಿಬಾಡಿಯ ಜೊತೆ ಟಿಎಸ್‌ಎಚ್ ಕೂಡ ಏರಿದ್ದವರಲ್ಲಿ ಅದು 4ರಷ್ಟು. ಅಂದರೆ ಟಿಎಸ್‌ಎಚ್ ಸರಿ ಇರುವವರಲ್ಲಿ ಯಾವುದೇ ಒಂದು ವರ್ಷದಲ್ಲಿ ನೂರರಲ್ಲಿ 98 ಜನರಿಗೆ ಏನೂ ಆಗುವುದಿಲ್ಲ. ಹತ್ತರಲ್ಲಿ ಒಬ್ಬರಿಗಾದರೂ ಈ ಆಂಟಿಬಾಡಿ ಇರುತ್ತದೆ, ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ.

ಮಾಡಬೇಕಾದದ್ದು ಇಷ್ಟೇ: ವರ್ಷಕ್ಕೊಮ್ಮೆ ಟಿಎಸ್‌ಎಚ್. ಮಗು ಬೇಕು ಅಂತ ಯೋಚಿಸುವಾಗ ಒಮ್ಮೆ. ಲಕ್ಷಣ ಕಂಡರೆ ಆಗ. ಮಾತ್ರೆ ಬೇಡ.

ನನ್ನ ಟಿಪಿಓ 1300ಕ್ಕಿಂತ ಜಾಸ್ತಿ, ನನ್ನ ಅಕ್ಕನದು ಬರೀ 80. ನನಗೆ ಕಾಯಿಲೆ ಅವಳಿಗಿಂತ ಜೋರಾಗಿದೆಯಾ?

ಹಾಗೇನಿಲ್ಲ. ಸಾವಿರ ದಾಟಿದ ಸಂಖ್ಯೆ ಇಟ್ಟುಕೊಂಡು ಯಾವ ಮಾತ್ರೆಯೂ ಇಲ್ಲದೆ ಆರಾಮಾಗಿ ಇರುವವರಿದ್ದಾರೆ. 80 ಇದ್ದು ಗ್ರಂಥಿ ಪೂರ್ತಿ ಸೋತವರೂ ಇದ್ದಾರೆ. ಒಟ್ಟು ಜನರ ಲೆಕ್ಕದಲ್ಲಿ ನೋಡಿದರೆ ಸಂಖ್ಯೆ ದೊಡ್ಡದಿದ್ದಷ್ಟು ಮುಂದೆ ಹೈಪೋಥೈರಾಯ್ಡ್ ಆಗುವ ಸಾಧ್ಯತೆ ಸ್ವಲ್ಪ ಹೆಚ್ಚು, ಅದು ನಿಜ. ಆದರೆ ಒಬ್ಬ ವ್ಯಕ್ತಿಯ ಮಟ್ಟಿಗೆ ಆ ಸಂಖ್ಯೆ ನೋಡಿ ಲಕ್ಷಣ ಎಷ್ಟಿರುತ್ತದೆ, ಡೋಸ್ ಎಷ್ಟು ಬೇಕು ಅಂತ ಹೇಳಲು ಬರುವುದಿಲ್ಲ. ‘1300ಕ್ಕಿಂತ ಜಾಸ್ತಿ’ ಅನ್ನುವುದು ಆ ಯಂತ್ರ ಅಳೆಯುವ ಕೊನೆಯ ಗೆರೆ, ಅಷ್ಟೇ.

ಆರು ತಿಂಗಳ ಹಿಂದೆ 45 ಇತ್ತು, ಈಗ ಬೇರೆ ಲ್ಯಾಬಿನಲ್ಲಿ 220. ಇಷ್ಟು ಬೇಗ ಏರುತ್ತಾ?

ಏರಿದೆ ಅಂತ ಹೇಳಲು ಆಗುವುದಿಲ್ಲ. ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಅಳತೆ. ಒಂದರಲ್ಲಿ ನಾರ್ಮಲ್ ಮಿತಿ 34, ಇನ್ನೊಂದರಲ್ಲಿ 9, ಮತ್ತೊಂದರಲ್ಲಿ 60. ಒಂದೇ ರಕ್ತವನ್ನು ಮೂರು ಕಡೆ ಕೊಟ್ಟರೂ ಮೂರು ಸಂಖ್ಯೆ ಬರುತ್ತವೆ. ಹಾಗಾಗಿ ಪಕ್ಕದಲ್ಲಿ ಅಚ್ಚಾದ ಆ ಲ್ಯಾಬಿನ ಮಿತಿಯ ಜೊತೆ ಮಾತ್ರ ಹೋಲಿಸಿ ನೋಡಿ. ಒಂದೇ ಲ್ಯಾಬಿನಲ್ಲೂ ಸ್ವಲ್ಪ ಏರಿಳಿತ ಸಹಜ.

ಈ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕಾ?

ಬೇಡ. ಆಂಟಿಬಾಡಿ ಊಟದಿಂದ ಬದಲಾಗುವುದಿಲ್ಲ. ಟಿಎಸ್‌ಎಚ್ ಮಾತ್ರ ಬೆಳಗ್ಗೆ ಸ್ವಲ್ಪ ಜಾಸ್ತಿ, ಮಧ್ಯಾಹ್ನ ಸ್ವಲ್ಪ ಕಡಿಮೆ ಇರುತ್ತದೆ. ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ರಕ್ತ ಕೊಟ್ಟರೆ ಹೋಲಿಸಲು ಸುಲಭ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಆ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗುವುದು ಒಳ್ಳೆಯದು.

## ಹಾಶಿಮೊಟೊ ಮತ್ತು ಮಾತ್ರೆ

ಹಾಶಿಮೊಟೊ, ಹೈಪೋಥೈರಾಯ್ಡ್ ಎರಡೂ ಒಂದೇನಾ?

ಹಾಶಿಮೊಟೊ ಕಾರಣ, ಹೈಪೋಥೈರಾಯ್ಡ್ ಅದರ ಪರಿಣಾಮ. ಜಪಾನಿನ ಹಕಾರು ಹಾಶಿಮೊಟೊ ಅನ್ನುವ ಸರ್ಜನ್ 1912ರಲ್ಲಿ ನಾಲ್ವರು ಹೆಂಗಸರ ಥೈರಾಯ್ಡ್ ಗಡ್ಡೆಗಳ ಬಗ್ಗೆ ಬರೆದರು. ಗ್ರಂಥಿಯ ತುಂಬಾ ಬಿಳಿ ರಕ್ತಕಣಗಳು ಬಂದು ಸೇರಿಕೊಂಡಿದ್ದವು. ಹೀಗೆ ಸೇರಿದ ಕಣಗಳೇ ವರ್ಷಗಟ್ಟಲೆ ನಿಧಾನವಾಗಿ ಗ್ರಂಥಿಯನ್ನು ಹಾಳು ಮಾಡುತ್ತವೆ. ಸಾಕಷ್ಟು ಹಾಳಾದ ಮೇಲೆ ಹಾರ್ಮೋನ್ ಕಡಿಮೆ ಬೀಳುತ್ತದೆ, ಅದು ಹೈಪೋಥೈರಾಯ್ಡ್. ಹಾಶಿಮೊಟೊ ಇದ್ದೂ ಹಾರ್ಮೋನ್ ಸರಿಯಿರಬಹುದು. ಹಾಶಿಮೊಟೊ ಇಲ್ಲದೆಯೂ ಹೈಪೋಥೈರಾಯ್ಡ್ ಬರಬಹುದು. ಆಪರೇಷನ್, ವಿಕಿರಣದಿಂದ ಗ್ರಂಥಿಯನ್ನು ಸುಡುವ ರೇಡಿಯೋ ಅಯೋಡಿನ್ ಚಿಕಿತ್ಸೆ, ಕೆಲವು ಔಷಧಿಗಳು, ತೀರಾ ಅಯೋಡಿನ್ ಕೊರತೆ ಕೂಡ ಕಾರಣ ಆಗುತ್ತವೆ.

ಮೊದಲು ಥೈರಾಯ್ಡ್ ಜಾಸ್ತಿ ಅಂದ್ರು, ಮೂರು ತಿಂಗಳಿಗೆ ಕಡಿಮೆ ಅಂತಾರೆ. ಯಾವ ರಿಪೋರ್ಟ್ ತಪ್ಪು?

ಎರಡೂ ಸರಿಯಿರಬಹುದು. ದಾಳಿ ಜೋರಾದಾಗ ಗ್ರಂಥಿಯ ಕೋಶಗಳು ಒಡೆಯುತ್ತವೆ. ಒಳಗೆ ಕೂಡಿಟ್ಟ ಹಾರ್ಮೋನ್ ಒಮ್ಮೆಲೇ ರಕ್ತಕ್ಕೆ ಸೋರುತ್ತದೆ. ಆಗ ಎದೆ ಬಡಿತ, ಕೈ ನಡುಕ, ಬೆವರು. ಕೂಡಿಟ್ಟದ್ದು ಮುಗಿದ ಮೇಲೆ ಕೊರತೆ ಶುರುವಾಗುತ್ತದೆ. ಆ ಮೊದಲ ಹಂತವನ್ನು ಗ್ರೇವ್ಸ್ ಅಂತ ತಿಳಿದು ತಿಂಗಳುಗಟ್ಟಲೆ ಔಷಧಿ ಕೊಡಬಾರದಲ್ಲ, ಅದಕ್ಕೇ ಟಿಆರ್‌ಎಬಿ ನೋಡುವುದು ಒಳ್ಳೆಯದು.

ಟಿಎಸ್‌ಎಚ್ 6, ಆಂಟಿಬಾಡಿ ಪಾಸಿಟಿವ್. ಮಾತ್ರೆ ಶುರು ಮಾಡಬೇಕಾ?

ಮೊದಲು ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಟಿಎಸ್‌ಎಚ್ ಮಾಡಿಸಿ, ಜೊತೆಗೆ ಫ್ರೀ ಟಿ4. ಜ್ವರ ಅಥವಾ ಬೇರೆ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ತಾನಾಗಿ ಏರಿ ಇಳಿಯುವುದುಂಟು. ಎರಡನೇ ಸಲವೂ ಹಾಗೇ ಇದ್ದು ಟಿ4 ಸರಿಯಿದ್ದರೆ ಅದಕ್ಕೆ ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡ್ ಅನ್ನುತ್ತಾರೆ.

ಟಿಎಸ್‌ಎಚ್ 10 ದಾಟಿದರೆ ಹೆಚ್ಚಿನ ಡಾಕ್ಟರುಗಳು ಮಾತ್ರೆ ಶುರು ಮಾಡುತ್ತಾರೆ. 4.5ರಿಂದ 10ರ ನಡುವೆ ಒಬ್ಬೊಬ್ಬರಿಗೆ ಒಂದೊಂದು ತೀರ್ಮಾನ. ವಯಸ್ಸು ಕಡಿಮೆ, ಲಕ್ಷಣಗಳಿವೆ, ಮಗುವಿಗೆ ಪ್ರಯತ್ನ ನಡೆದಿದೆ, ಗಂಟಲಲ್ಲಿ ಊತ ಇದೆ ಅಂದರೆ ತಕ್ಕಡಿ ಮಾತ್ರೆಯ ಕಡೆ ವಾಲುತ್ತದೆ. ಆಂಟಿಬಾಡಿಯೂ ಅದೇ ತಕ್ಕಡಿಗೆ ಇನ್ನಷ್ಟು ತೂಕ ಸೇರಿಸುತ್ತದೆ. ವಯಸ್ಸಾದವರ ವಿಷಯ ಬೇರೆ. ವಯಸ್ಸಾದಂತೆ ಟಿಎಸ್‌ಎಚ್ ಸ್ವಲ್ಪ ಏರುವುದು ಸಹಜ. 65 ದಾಟಿದವರಲ್ಲಿ ಇಂಥ ಸೌಮ್ಯ ಏರಿಕೆಗೆ ಮಾತ್ರೆ ಕೊಟ್ಟು ನೋಡಿದ ಟ್ರಸ್ಟ್ ಅನ್ನುವ ಅಧ್ಯಯನ 2017ರಲ್ಲಿ ಹೊರಬಂತು. ಸುಸ್ತಿನಲ್ಲಾಗಲಿ ಬೇರೆ ಲಕ್ಷಣಗಳಲ್ಲಾಗಲಿ ಮಾತ್ರೆಯಿಂದ ಲಾಭ ಕಾಣಲಿಲ್ಲ. ಹಿರಿಯರಿಗೆ ಸುಮ್ನೆ ಮಾತ್ರೆ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ. ಡೋಸ್ ಹೆಚ್ಚಾದರೆ ಎದೆಬಡಿತದ ಲಯ ತಪ್ಪುವುದು, ಮೂಳೆ ಸವೆಯುವುದು ಅವರಲ್ಲೇ ಜಾಸ್ತಿ.

ಮಾತ್ರೆ ತಗೊಂಡು ಎರಡು ವರ್ಷ ಆಯ್ತು, ಆಂಟಿಬಾಡಿ ಇಳಿದೇ ಇಲ್ಲ. ಔಷಧಿ ಕೆಲಸ ಮಾಡ್ತಿಲ್ವಾ?

ಮಾಡುತ್ತಿದೆ. ಲೆವೊಥೈರಾಕ್ಸಿನ್ ಕೊಡುವುದು ಕಡಿಮೆಬಿದ್ದ ಹಾರ್ಮೋನ್ ತುಂಬಲು. ಆಂಟಿಬಾಡಿ ಇಳಿಸುವುದು ಅದರ ಕೆಲಸವಲ್ಲ. ಹಲವರಲ್ಲಿ ವರ್ಷಗಳು ಕಳೆದಂತೆ ಸಂಖ್ಯೆ ನಿಧಾನವಾಗಿ ಇಳಿಯುತ್ತದೆ, ಕೆಲವರಲ್ಲಿ ಇಳಿಯುವುದಿಲ್ಲ. ಎರಡರಿಂದಲೂ ಚಿಕಿತ್ಸೆ ಬದಲಾಗುವುದಿಲ್ಲ. ಒಮ್ಮೆ ಪಾಸಿಟಿವ್ ಅಂತ ಗೊತ್ತಾದ ಮೇಲೆ ಟಿಪಿಓ ಮತ್ತೆ ಮತ್ತೆ ಮಾಡಿಸುವುದು ದುಡ್ಡು ದಂಡ, ಮನಸ್ಸಿಗೂ ದಂಡ.

ನೋಡಬೇಕಾದದ್ದು ಟಿಎಸ್‌ಎಚ್. ಈ ಮಾತ್ರೆಯ ಅರ್ಧದಷ್ಟು ದೇಹದಿಂದ ಕಳೆಯಲು ಸುಮಾರು ಒಂದು ವಾರ ಬೇಕು. ಅದಕ್ಕೇ ಡೋಸ್ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾದು ಪರೀಕ್ಷೆ ಮಾಡುತ್ತಾರೆ.

ಟಿಎಸ್‌ಎಚ್ ಸರಿಯಾಗಿದೆ, ಆದರೂ ಸುಸ್ತು ಹೋಗಿಲ್ಲ. ಆಂಟಿಬಾಡಿಯೇ ಕಾರಣ ಅಲ್ವಾ?

ನಿಮ್ಮ ಸುಸ್ತು ನಿಜ. ‘ರಿಪೋರ್ಟ್ ನಾರ್ಮಲ್ ಇದೆ, ನಿಮಗೇನೂ ಆಗಿಲ್ಲ’ ಅಂತ ಯಾರಾದರೂ ಕಳಿಸಿಬಿಟ್ಟಿದ್ದರೆ ಅದು ಉತ್ತರವೇ ಅಲ್ಲ. ಆದರೆ ಎಲ್ಲವನ್ನೂ ಆಂಟಿಬಾಡಿಯ ಮೇಲೆ ಹಾಕುವ ಮೊದಲು ಕೆಲವು ವಿಷಯ ನೋಡಲೇಬೇಕು.

ಮಾತ್ರೆ ಸರಿಯಾಗಿ ಒಳಗೆ ಹೋಗುತ್ತಿದೆಯಾ? ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ, ತಿಂಡಿ ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಆಮೇಲೆ ರಕ್ತಹೀನತೆ, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಬಿ12, ವಿಟಮಿನ್ ಡಿ. ಹಾಶಿಮೊಟೊ ಇರುವವರಲ್ಲಿ ಬಿ12 ಹೀರಿಕೊಳ್ಳದ ಆಟೋಇಮ್ಯೂನ್ ತೊಂದರೆ ಮತ್ತು ಗೋಧಿಯಲ್ಲಿರುವ ಗ್ಲುಟನ್ ಒಗ್ಗದೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಬೇರೆಯವರಿಗಿಂತ ಜಾಸ್ತಿ. ಗೊರಕೆ ಹೊಡೆದು ನಿದ್ದೆ ಕೆಡುವ ಸ್ಲೀಪ್ ಆಪ್ನಿಯಾ, ಖಿನ್ನತೆ, ಮುಟ್ಟು ನಿಲ್ಲುವ ವಯಸ್ಸಿನ ಬದಲಾವಣೆ ಇವೂ ಪಟ್ಟಿಯಲ್ಲಿರಲಿ. ಇದನ್ನೆಲ್ಲ ಹುಡುಕಿದರೆ ತುಂಬಾ ಜನರಿಗೆ ಒಂದಲ್ಲ ಒಂದು ಕಾರಣ ಸಿಗುತ್ತದೆ.

ಏನೂ ಸಿಗದವರೂ ಇದ್ದಾರೆ. ಅವರ ವಿಷಯದಲ್ಲಿ ಆಂಟಿಬಾಡಿಗೇ, ಅಂದರೆ ಆಟೋಇಮ್ಯೂನ್ ಉರಿಯೂತಕ್ಕೇ ಪಾತ್ರ ಇರಬಹುದಾ ಅನ್ನುವ ಪ್ರಶ್ನೆ ಇನ್ನೂ ತೆರೆದೇ ಇದೆ. 2019ರಲ್ಲಿ ನಾರ್ವೆಯ ಒಂದು ಅಧ್ಯಯನದಲ್ಲಿ ಟಿಪಿಓ 1000 ದಾಟಿದ, ಮಾತ್ರೆಯಲ್ಲಿದ್ದೂ ಸುಸ್ತು ಹೋಗದ 150 ಜನರಲ್ಲಿ ಅರ್ಧ ಜನರಿಗೆ ಥೈರಾಯ್ಡ್ ಪೂರ್ತಿ ತೆಗೆದರು. ಅವರಿಗೆ ಸುಸ್ತು ಕಡಿಮೆಯಾಯಿತು. ಆದರೆ ಆಪರೇಷನ್ ಆದ ಏಳರಲ್ಲಿ ಒಬ್ಬರಿಗೆ ಏನಾದರೂ ತೊಡಕು ಬಂತು. ಧ್ವನಿಯ ನರ, ಕ್ಯಾಲ್ಸಿಯಂ ನೋಡಿಕೊಳ್ಳುವ ಗ್ರಂಥಿಗಳು ಅಲ್ಲೇ ಪಕ್ಕದಲ್ಲಿರುತ್ತವೆ. ಜೊತೆಗೆ ಯಾರಿಗೆ ಆಪರೇಷನ್ ಆಗಿದೆ ಅಂತ ಎಲ್ಲರಿಗೂ ಗೊತ್ತಿತ್ತು, ಆ ಭರವಸೆಯೂ ಸ್ವಲ್ಪ ಕೆಲಸ ಮಾಡಿರಬಹುದು. ಬರೀ ಸುಸ್ತಿಗಾಗಿ ಗ್ರಂಥಿ ತೆಗೆಸುವುದು ಈಗಲೂ ಸಾಮಾನ್ಯ ಸಲಹೆ ಅಲ್ಲ.

ಆಂಟಿಬಾಡಿ ಇಳಿಸಲು ಏನು ತಿನ್ನಬೇಕು, ಏನು ಬಿಡಬೇಕು?

ಈ ಪ್ರಶ್ನೆಯ ಸುತ್ತ ದೊಡ್ಡ ವ್ಯಾಪಾರವೇ ಬೆಳೆದಿದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸೆಲೆನಿಯಂ ಮಾತ್ರೆ ಕೊಟ್ಟಾಗ ಕೆಲವು ಅಧ್ಯಯನಗಳಲ್ಲಿ ಟಿಪಿಓ ಸಂಖ್ಯೆ ಇಳಿದಿದೆ. ಆದರೆ ಅದರಿಂದ ಜನರಿಗೆ ಹಾಯೆನಿಸಿತು, ಮಾತ್ರೆಯ ಡೋಸ್ ಕಡಿಮೆಯಾಯಿತು ಅನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಅತಿಯಾದರೆ ಸೆಲೆನಿಯಂ ವಿಷ. ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ.

ಗ್ಲುಟನ್ ಬಿಡುವುದರಿಂದ ಸೀಲಿಯಾಕ್ ಇರುವವರಿಗೆ ಖಂಡಿತ ಲಾಭ. ಇಲ್ಲದವರಿಗೆ ಥೈರಾಯ್ಡ್ ಸರಿಹೋಗುತ್ತದೆ ಅನ್ನಲು ಬರುವುದಿಲ್ಲ. ಅನುಮಾನವಿದ್ದರೆ ಗ್ಲುಟನ್ ಬಿಡುವ ಮೊದಲೇ ಸೀಲಿಯಾಕ್ ಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಆ ಪರೀಕ್ಷೆ ಸುಳ್ಳು ನೆಗೆಟಿವ್ ಬರಬಹುದು.

ಅಯೋಡಿನ್ ವಿಷಯದಲ್ಲಿ ಎಚ್ಚರ ಬೇಕು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು, ಗರ್ಭಿಣಿಯರಿಗೆ 250. ಅಯೋಡಿನ್ ಸೇರಿಸಿದ ಉಪ್ಪು ಬಿಡಬೇಕಾಗಿಲ್ಲ. ಆದರೆ ‘ಥೈರಾಯ್ಡ್ ಸಪೋರ್ಟ್’ ಅಂತ ಮಾರುವ ಸಮುದ್ರಪಾಚಿಯ ಪುಡಿ, ಅಯೋಡಿನ್ ಹನಿಗಳಲ್ಲಿ ಇದರ ಹತ್ತಾರು ಪಟ್ಟು ಇರಬಹುದು. ಆಂಟಿಬಾಡಿ ಇರುವವರಲ್ಲಿ ಅದು ಗ್ರಂಥಿಯನ್ನು ಇನ್ನೂ ಕೆಡಿಸುತ್ತದೆ. ಈ ಒಂದನ್ನು ಮಾತ್ರ ದಯವಿಟ್ಟು ದೂರವಿಡಿ.

## ಗ್ರೇವ್ಸ್ ಕಾಯಿಲೆ

ಟಿಆರ್‌ಎಬಿ ಪಾಸಿಟಿವ್ ಅಂದ್ರೆ ಗ್ರೇವ್ಸ್ ಪಕ್ಕಾನಾ?

ಟಿಎಸ್‌ಎಚ್ ಪಾತಾಳಕ್ಕೆ ಇಳಿದು, ಟಿ3 ಟಿ4 ಏರಿ, ಜೊತೆಗೆ ಟಿಆರ್‌ಎಬಿ ಪಾಸಿಟಿವ್ ಇದ್ದರೆ ಹೆಚ್ಚುಕಡಿಮೆ ಪಕ್ಕಾ. ಚಿಕಿತ್ಸೆ ಶುರುವಾಗದ ಗ್ರೇವ್ಸ್ ರೋಗಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಜನರಲ್ಲಿ ಈಗಿನ ಪರೀಕ್ಷೆಗಳು ಇದನ್ನು ಹಿಡಿಯುತ್ತವೆ. ಅಪರೂಪಕ್ಕೆ ಗ್ರಂಥಿಯನ್ನು ಕೆರಳಿಸುವ ಬದಲು ತಡೆಹಿಡಿಯುವ ಆಂಟಿಬಾಡಿ ಇರುತ್ತದೆ. ಅದೂ ಟಿಆರ್‌ಎಬಿ ಪರೀಕ್ಷೆಯಲ್ಲಿ ಪಾಸಿಟಿವ್ ಅಂತಲೇ ಬರುತ್ತದೆ, ರೋಗಿಗೆ ಮಾತ್ರ ಹೈಪೋಥೈರಾಯ್ಡ್ ಇರುತ್ತದೆ. ಟಿಪಿಓ ಗ್ರೇವ್ಸ್‌ನಲ್ಲೂ ಬಹಳ ಸಲ ಪಾಸಿಟಿವ್ ಇರುವುದರಿಂದ ಅದರಿಂದ ಈ ಎರಡು ಕಾಯಿಲೆಗಳನ್ನು ಬೇರ್ಪಡಿಸಲು ಆಗುವುದಿಲ್ಲ.

ಮಾತ್ರೆ ಒಂದೂವರೆ ವರ್ಷ ಆಯ್ತು. ನಿಲ್ಲಿಸೋ ಮೊದಲು ಮತ್ತೆ ಆಂಟಿಬಾಡಿ ಯಾಕೆ ನೋಡ್ತಾರೆ?

ಹಾಶಿಮೊಟೊಗೆ ಹೇಳಿದ ಮಾತು ಇಲ್ಲಿ ಉಲ್ಟಾ. ಗ್ರೇವ್ಸ್‌ನಲ್ಲಿ ಕಾಯಿಲೆ ತರುವುದೇ ಈ ಆಂಟಿಬಾಡಿ, ಹಾಗಾಗಿ ಅದರ ಸಂಖ್ಯೆಗೆ ಬೆಲೆ ಇದೆ. ಹಾರ್ಮೋನ್ ತಯಾರಿ ತಗ್ಗಿಸುವ ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ಮಾತ್ರೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಕೊಡುತ್ತಾರೆ. ನಿಲ್ಲಿಸಿದ ಮೇಲೆ ಸುಮಾರು ಅರ್ಧ ಜನರಿಗೆ ಕಾಯಿಲೆ ಮರಳುತ್ತದೆ. ಟಿಆರ್‌ಎಬಿ ಇನ್ನೂ ಹೆಚ್ಚಿದ್ದರೆ ಮರಳುವ ಸಾಧ್ಯತೆ ತುಂಬಾ ಜಾಸ್ತಿ. ಆಗ ಕಡಿಮೆ ಡೋಸಿನಲ್ಲಿ ಮುಂದುವರಿಸುವುದು, ರೇಡಿಯೋ ಅಯೋಡಿನ್, ಆಪರೇಷನ್ ಈ ಮೂರರ ಬಗ್ಗೆ ಮಾತಾಡಬೇಕಾಗುತ್ತದೆ.

ಈ ಮಾತ್ರೆ ತೆಗೆದುಕೊಳ್ಳುವವರೆಲ್ಲ ನೆನಪಿಡಿ: ಜ್ವರ ಅಥವಾ ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ಬಿಳಿ ರಕ್ತಕಣಗಳ ಪರೀಕ್ಷೆ ಮಾಡಿಸಿ. ಅಪರೂಪಕ್ಕೆ ಈ ಔಷಧಿಯಿಂದ ಅವು ಪೂರ್ತಿ ಕುಸಿಯುತ್ತವೆ, ಆಗ ಜೀವಕ್ಕೇ ಅಪಾಯ.

ಕಣ್ಣು ಉಬ್ಬಿದೆ, ಉರಿಯುತ್ತೆ. ಥೈರಾಯ್ಡ್ ಸರಿಹೋದ್ರೆ ಕಣ್ಣೂ ಸರಿಹೋಗುತ್ತಾ?

ಯಾವಾಗಲೂ ಅಲ್ಲ. ಕಣ್ಣಿನ ಹಿಂದಿನ ಕೊಬ್ಬು, ಸ್ನಾಯುಗಳಲ್ಲೂ ಇದೇ ದಾಳಿ ನಡೆಯುತ್ತಿರುತ್ತದೆ, ಅದಕ್ಕೆ ಅದರದೇ ದಾರಿ. ಟಿಆರ್‌ಎಬಿ ಹೆಚ್ಚಿದ್ದಷ್ಟು ಕಣ್ಣಿನ ತೊಂದರೆ ಜೋರಾಗುವ ಸಾಧ್ಯತೆ ಜಾಸ್ತಿ. ಸಿಗರೇಟು ಸೇದುವವರಲ್ಲಿ ಇದು ಇನ್ನೂ ಕೆಟ್ಟದಾಗುತ್ತದೆ, ಬಿಟ್ಟರೆ ಸಿಗುವಷ್ಟು ಲಾಭ ಬೇರೆ ಯಾವ ಮನೆ ಉಪಾಯದಲ್ಲೂ ಇಲ್ಲ. ರೇಡಿಯೋ ಅಯೋಡಿನ್ ಕಣ್ಣನ್ನು ಕೆರಳಿಸಬಹುದು, ಆದ್ದರಿಂದ ಮೊದಲೇ ಕಣ್ಣಿನ ವಿಷಯ ಹೇಳಿ. ಎರಡೆರಡು ಕಾಣುವುದು, ಬಣ್ಣ ಮಂಕಾಗುವುದು, ದೃಷ್ಟಿ ಕಡಿಮೆಯಾಗುವುದು ಕಂಡರೆ ಕಾಯಬೇಡಿ, ತಕ್ಷಣ ಕಣ್ಣಿನ ಡಾಕ್ಟರಿಗೆ ತೋರಿಸಿ.

## ಬಸಿರು, ಬಾಣಂತನ, ಮಕ್ಕಳು

ಟಿಪಿಓ ಪಾಸಿಟಿವ್ ಇದ್ರೆ ಬಸಿರು ನಿಲ್ಲಲ್ವಾ? ಎರಡು ಸಲ ಹೋಗಿದೆ.

ನಿಮ್ಮ ನೋವು ದೊಡ್ಡದು. ಆಂಟಿಬಾಡಿ ಇರುವವರಲ್ಲಿ ಗರ್ಭಪಾತ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಅಂತ ಅಧ್ಯಯನಗಳು ಹೇಳುವುದು ನಿಜ. ಹಾಗಿದ್ದೂ ಆಂಟಿಬಾಡಿ ಇರುವ ಲೆಕ್ಕವಿಲ್ಲದಷ್ಟು ಹೆಂಗಸರು ಆರೋಗ್ಯವಾದ ಮಕ್ಕಳನ್ನು ಹೆರುತ್ತಾರೆ.

ಥೈರಾಯ್ಡ್ ಸರಿಯಿದ್ದರೂ ಆಂಟಿಬಾಡಿಗಾಗಿ ಮಾತ್ರೆ ಕೊಟ್ಟರೆ ಅನುಕೂಲವಾಗುತ್ತದಾ? ಬ್ರಿಟನ್ನಿನ ಟ್ಯಾಬ್ಲೆಟ್ ಅನ್ನುವ ಅಧ್ಯಯನ ಇದನ್ನೇ ಪರೀಕ್ಷಿಸಿತು. ಫಲಿತಾಂಶ 2019ರಲ್ಲಿ ಬಂತು. ಹಿಂದೆ ಗರ್ಭಪಾತ ಆದವರು ಅಥವಾ ಮಗು ಆಗಲು ತಡವಾದವರಲ್ಲಿ ಅರ್ಧ ಜನರಿಗೆ ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ ಕೊಟ್ಟರು, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ. ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 37–38 ಜನರಿಗೆ ಮಗುವಾಯಿತು. ವ್ಯತ್ಯಾಸವೇ ಇರಲಿಲ್ಲ.

ಹಾಗಾದರೆ ಟಿಪಿಓ ನೋಡಿ ಏನು ಉಪಯೋಗ? ಬಸಿರಿನಲ್ಲಿ ಗ್ರಂಥಿಗೆ ಕೆಲಸ ಜಾಸ್ತಿ. ಆಂಟಿಬಾಡಿ ಇರುವವರ ಗ್ರಂಥಿ ಆ ಹೊರೆ ಹೊರಲಾರದೆ ಸೋಲಬಹುದು. ಅದಕ್ಕೆ ಬಸಿರಿನ ಅರ್ಧದವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡುತ್ತಾರೆ, ಏರಿದರೆ ಮಾತ್ರೆ ಶುರು ಮಾಡುತ್ತಾರೆ. ಮೊದಲೇ ಮಾತ್ರೆಯಲ್ಲಿರುವವರಿಗೆ ಬಸಿರು ಗೊತ್ತಾದ ಕೂಡಲೇ ಡೋಸ್ ಕಾಲುಭಾಗಕ್ಕೂ ಹೆಚ್ಚು ಏರಿಸಬೇಕಾಗಬಹುದು, ತಿಂಗಳು ಕಾಯದೆ ಡಾಕ್ಟರಿಗೆ ಹೇಳಿ.

ಹೆರಿಗೆಯಾಗಿ ಮೂರು ತಿಂಗಳು. ಎದೆ ಢವಢವ, ತೂಕ ಇಳೀತಿದೆ, ಸಿಟ್ಟು. ನಿದ್ದೆಗೆಟ್ಟಿದ್ದಕ್ಕಾ?

ನಿದ್ದೆಗೆಟ್ಟದ್ದೂ ಇರಬಹುದು, ಆದರೆ ಟಿಎಸ್‌ಎಚ್ ಒಮ್ಮೆ ಮಾಡಿಸಿ. ಹೆರಿಗೆಯಾದ ಮೊದಲ ವರ್ಷದಲ್ಲಿ ಬರುವ ಥೈರಾಯ್ಡೈಟಿಸ್, ಅಂದರೆ ಗ್ರಂಥಿಯ ಉರಿಯೂತ, ಸುಮಾರು ಇಪ್ಪತ್ತು ತಾಯಂದಿರಲ್ಲಿ ಒಬ್ಬರಿಗೆ ಬರುತ್ತದೆ. ಬಸಿರಿನಲ್ಲೇ ಟಿಪಿಓ ಪಾಸಿಟಿವ್ ಇದ್ದವರಲ್ಲಿ ಮೂರರಲ್ಲಿ ಒಬ್ಬರಿಂದ ಅರ್ಧದಷ್ಟು ಜನರಿಗೆ. ಮೊದಲು ಹಾರ್ಮೋನ್ ಸೋರಿ ಹೆಚ್ಚಾಗುತ್ತದೆ, ಆಮೇಲೆ ಕೆಲವು ತಿಂಗಳು ಕಡಿಮೆ, ವರ್ಷದೊಳಗೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಸೋರುವ ಹಂತದಲ್ಲಿ ಕಾರ್ಬಿಮಜೋಲ್ ಉಪಯೋಗವಿಲ್ಲ, ಹೊಸ ಹಾರ್ಮೋನ್ ತಯಾರಾಗುತ್ತಲೇ ಇಲ್ಲವಲ್ಲ. ಎದೆಬಡಿತಕ್ಕೆ ಮಾತ್ರ ಔಷಧಿ ಕೊಡುತ್ತಾರೆ. ಒಮ್ಮೆ ಆದವರಿಗೆ ಮುಂದಿನ ಹೆರಿಗೆಯಲ್ಲೂ ಮರಳಬಹುದು, ಮುಂದೆ ಶಾಶ್ವತ ಹೈಪೋಥೈರಾಯ್ಡ್ ಕೂಡ ಆಗಬಹುದು. ಸರಿಹೋದರೂ ವರ್ಷಕ್ಕೊಮ್ಮೆ ಪರೀಕ್ಷೆ ಬಿಡಬೇಡಿ.

ಗ್ರೇವ್ಸ್‌ಗೆ ಥೈರಾಯ್ಡೇ ತೆಗೆಸಿಬಿಟ್ಟಿದ್ದೇನೆ. ಈಗ ಬಸುರಿ. ಮತ್ತೆ ಟಿಆರ್‌ಎಬಿ ಯಾಕೆ ಕೇಳ್ತಾರೆ?

ಗ್ರಂಥಿ ಹೋಗಿರಬಹುದು, ಆಂಟಿಬಾಡಿ ಮಾಡುವ ರಕ್ತಕಣಗಳು ಹೋಗಿಲ್ಲ. ಆ ಆಂಟಿಬಾಡಿ ಮಾಸು ದಾಟಿ ಮಗುವಿನ ಥೈರಾಯ್ಡನ್ನು ಕೆರಳಿಸಬಲ್ಲದು. ನಿಮ್ಮ ಟಿಎಸ್‌ಎಚ್ ಮಾತ್ರೆಯಿಂದ ಚೆನ್ನಾಗಿದ್ದರೂ ಒಳಗೆ ಮಗುವಿನ ಎದೆಬಡಿತ ಓಡುತ್ತಿರಬಹುದು. ಆದ್ದರಿಂದ ಬಸಿರಿನ ಶುರುವಿನಲ್ಲಿ ಒಮ್ಮೆ, ಹೆಚ್ಚಿದ್ದರೆ ಮತ್ತೆ 18ರಿಂದ 22 ವಾರದಲ್ಲಿ ನೋಡುತ್ತಾರೆ. ಮಿತಿಯ ಮೂರು ಪಟ್ಟು ದಾಟಿದರೆ ಸ್ಕ್ಯಾನಿನಲ್ಲಿ ಮಗುವಿನ ಮೇಲೆ ಕಣ್ಣಿಡುತ್ತಾರೆ. ಹುಟ್ಟಿದ ಮೇಲೂ ಮಗುವಿನ ಪರೀಕ್ಷೆ ಬೇಕು. ತಾಯಿಯ ಆಂಟಿಬಾಡಿ ಕರಗಿದಂತೆ, ಕೆಲವು ತಿಂಗಳಲ್ಲಿ ಮಗು ಸರಿಹೋಗುತ್ತದೆ. ಹಳೆಯ ಗ್ರೇವ್ಸ್ ವಿಷಯವನ್ನು ಹೆರಿಗೆ ಡಾಕ್ಟರಿಗೆ ನೀವಾಗಿಯೇ ಹೇಳಿ, ಎಷ್ಟು ವರ್ಷ ಹಳೆಯದಾದರೂ ಸರಿ.

ಮಗಳಿಗೂ ಬರುತ್ತಾ? ಈಗಲೇ ಆಂಟಿಬಾಡಿ ಮಾಡಿಸಿಬಿಡಲಾ?

ಬರುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಜಾಸ್ತಿ, ಬಂದೇ ಬರುತ್ತದೆ ಅಂತಿಲ್ಲ. ಲಕ್ಷಣವಿಲ್ಲದ ಮಗುವಿಗೆ ಆಂಟಿಬಾಡಿ ಮಾಡಿಸಬೇಡಿ. ಪಾಸಿಟಿವ್ ಬಂದರೂ ಮಾಡುವ ಚಿಕಿತ್ಸೆ ಏನೂ ಇಲ್ಲ. ಎತ್ತರ ಬೆಳೆಯುವುದು ನಿಂತಂತೆ ಕಂಡರೆ, ಗಂಟಲು ಊದಿದ್ದರೆ, ತೀರಾ ಮಂಕಾದರೆ ಟಿಎಸ್‌ಎಚ್ ಸಾಕು. ಟೈಪ್ 1 ಸಕ್ಕರೆ ಕಾಯಿಲೆ, ಡೌನ್ ಸಿಂಡ್ರೋಮ್, ಟರ್ನರ್ ಸಿಂಡ್ರೋಮ್ ಇರುವ ಮಕ್ಕಳಿಗೆ ಮಾತ್ರ ಲಕ್ಷಣವಿಲ್ಲದಿದ್ದರೂ ಆಗಾಗ ಥೈರಾಯ್ಡ್ ಪರೀಕ್ಷೆ ಬೇಕು.

## ಇನ್ನೂ ಆಳದ ಪ್ರಶ್ನೆಗಳು

ಆಂಟಿಬಾಡಿ ನೆಗೆಟಿವ್, ಆದರೆ ಸ್ಕ್ಯಾನಿನಲ್ಲಿ ಹಾಶಿಮೊಟೊ ಅಂತ ಬರೆದಿದ್ದಾರೆ. ಯಾವುದನ್ನ ನಂಬಲಿ?

ಎರಡನ್ನೂ ನಂಬಬಹುದು. ಹಾಶಿಮೊಟೊ ಇರುವ ಕೆಲವರ ರಕ್ತದಲ್ಲಿ ಆಂಟಿಬಾಡಿ ಸಿಗುವುದೇ ಇಲ್ಲ. ಸ್ಕ್ಯಾನಿನಲ್ಲಿ ಗ್ರಂಥಿ ಕಪ್ಪಾಗಿ, ಒರಟಾಗಿ ಕಾಣುತ್ತದೆ. ಇಂಥವರ ಕಾಯಿಲೆ ಸಾಮಾನ್ಯವಾಗಿ ಸೌಮ್ಯ. ಚಿಕಿತ್ಸೆ ಟಿಎಸ್‌ಎಚ್ ನೋಡಿಯೇ.

ಕೂದಲಿಗೆ ಬಯೋಟಿನ್ ತಗೋತಿದ್ದೆ. ರಿಪೋರ್ಟಿನಲ್ಲಿ ಗ್ರೇವ್ಸ್ ಅಂತ ಬಂತು. ಸಂಬಂಧ ಇದೆಯಾ?

ಇರಬಹುದು. ಬಯೋಟಿನ್ ಒಂದು ಬಿ ವಿಟಮಿನ್, ದೇಹಕ್ಕೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು. ಕೂದಲು, ಉಗುರಿಗೆ ಅಂತ ಮಾರುವ ಮಾತ್ರೆಗಳಲ್ಲಿ 5,000, 10,000 ಇರುತ್ತದೆ. ಎಷ್ಟೋ ಲ್ಯಾಬ್ ಯಂತ್ರಗಳು ಪರೀಕ್ಷೆಯಲ್ಲೇ ಬಯೋಟಿನ್ ಬಳಸುತ್ತವೆ. ರಕ್ತದಲ್ಲಿ ಅದು ಹೆಚ್ಚಿದ್ದರೆ ಲೆಕ್ಕ ತಪ್ಪುತ್ತದೆ: ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ3, ಟಿ4, ಟಿಆರ್‌ಎಬಿ ಸುಳ್ಳೇ ಹೆಚ್ಚು. ಥೇಟ್ ಗ್ರೇವ್ಸ್ ಚಿತ್ರ! ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು. ಕಡೇಪಕ್ಷ ಎರಡು ದಿನ ಬಯೋಟಿನ್ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ, ಡೋಸ್ ತುಂಬಾ ದೊಡ್ಡದಿದ್ದರೆ ಇನ್ನೂ ಕೆಲವು ದಿನ. ಲಕ್ಷಣ ಒಂದೂ ಇಲ್ಲದೆ ರಿಪೋರ್ಟ್ ಮಾತ್ರ ಭಯಂಕರವಾಗಿದ್ದರೆ ಇದನ್ನೇ ಮೊದಲು ನೆನೆಯಿರಿ.

ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆಗಿದೆ. ಪ್ರತಿ ಸಲ ಟಿಜಿ ಆಂಟಿಬಾಡಿ ಯಾಕೆ ಮಾಡಿಸ್ತಾರೆ?

ಗ್ರಂಥಿ ಪೂರ್ತಿ ತೆಗೆದ ಮೇಲೆ ಥೈರೋಗ್ಲೋಬ್ಯುಲಿನ್ ರಕ್ತದಲ್ಲಿ ಹೆಚ್ಚುಕಡಿಮೆ ಇರಬಾರದು. ಕಂಡರೆ ಎಲ್ಲೋ ಕ್ಯಾನ್ಸರ್ ಕೋಶ ಉಳಿದಿರಬಹುದು ಅನ್ನುವ ಸುಳಿವು. ಆದರೆ ಅದರ ವಿರುದ್ಧದ ಆಂಟಿಬಾಡಿ ಇದ್ದರೆ ಪರೀಕ್ಷೆಯ ಕಣ್ಣಿಗೆ ಅದು ಬೀಳುವುದೇ ಇಲ್ಲ. ಸೊನ್ನೆ ಅಂತ ಬಂದರೂ ಆ ಸೊನ್ನೆಯನ್ನು ನಂಬಲು ಆಗುವುದಿಲ್ಲ. ಈ ಬಗೆಯ ಕ್ಯಾನ್ಸರ್ ಆದ ನಾಲ್ವರಲ್ಲಿ ಒಬ್ಬರಷ್ಟು ಜನರಲ್ಲಿ ಈ ಆಂಟಿಬಾಡಿ ಇರುತ್ತದೆ. ಅವರಲ್ಲಿ ಆಂಟಿಬಾಡಿಯ ಏರಿಳಿತವನ್ನೇ ಗಮನಿಸುತ್ತಾರೆ. ವರ್ಷದಿಂದ ವರ್ಷಕ್ಕೆ ಇಳಿದರೆ ಒಳ್ಳೆಯ ಲಕ್ಷಣ, ಏರುತ್ತಾ ಹೋದರೆ ಹುಡುಕಬೇಕು. ಆದ್ದರಿಂದ ನಿಮ್ಮ ಮಟ್ಟಿಗೆ ಪ್ರತಿ ಸಲ ಒಂದೇ ಲ್ಯಾಬಿಗೆ ಹೋಗುವುದು ನಿಜಕ್ಕೂ ಮುಖ್ಯ.

ಹೃದಯಕ್ಕೆ ಅಮಿಯೋಡರೋನ್ ಕೊಡ್ತೀವಿ, ಮೊದಲು ಥೈರಾಯ್ಡ್ ನೋಡೋಣ ಅಂದ್ರು. ಯಾಕೆ?

ಅದರ 200 ಮಿಲಿಗ್ರಾಂ ಮಾತ್ರೆಯೊಂದರಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ. ದಿನದ ಅಗತ್ಯದ ಐನೂರು ಪಟ್ಟು! ಟಿಪಿಓ ಪಾಸಿಟಿವ್ ಇರುವವರ ಗ್ರಂಥಿ ಇದರಿಂದ ಸೋಲುವ ಸಾಧ್ಯತೆ ಜಾಸ್ತಿ. ಲಿಥಿಯಂ, ಇಂಟರ್‌ಫೆರಾನ್, ಕ್ಯಾನ್ಸರಿಗೆ ಕೊಡುವ ಇಮ್ಯುನೋಥೆರಪಿ ಔಷಧಿಗಳಿಗೂ ಇದೇ ಎಚ್ಚರಿಕೆ. ಹಾಗಂತ ಆ ಔಷಧಿ ಬೇಡ ಅನ್ನಬೇಡಿ. ಆರು ತಿಂಗಳಿಗೊಮ್ಮೆ ಟಿಎಸ್‌ಎಚ್ ನೋಡಿಕೊಂಡರೆ ಅಮಿಯೋಡರೋನನ್ನು ನಿಭಾಯಿಸಬಹುದು, ಇಮ್ಯುನೋಥೆರಪಿಗೆ ಇನ್ನೂ ಬೇಗ ಬೇಗ ನೋಡುತ್ತಾರೆ.

ಒಂದು ಆಟೋಇಮ್ಯೂನ್ ಕಾಯಿಲೆ ಬಂದರೆ ಇನ್ನೊಂದೂ ಬರುತ್ತೆ ಅಂತಾರೆ. ಎಲ್ಲಾ ಟೆಸ್ಟ್ ಮಾಡಿಸಲಾ?

ಎಲ್ಲಾ ಬೇಡ, ಲಕ್ಷಣ ಇದ್ದದ್ದನ್ನು ಮಾತ್ರ. ಹೆಚ್ಚಿನವರಿಗೆ ಥೈರಾಯ್ಡ್ ಒಂದೇ ಇರುತ್ತದೆ. ಕೆಲವರಿಗೆ ತೊನ್ನು, ಟೈಪ್ 1 ಸಕ್ಕರೆ ಕಾಯಿಲೆ, ಬಿ12 ಕೊರತೆಯ ರಕ್ತಹೀನತೆ, ಸೀಲಿಯಾಕ್ ಜೊತೆಗೂಡುತ್ತವೆ.

ಒಂದನ್ನು ಮಾತ್ರ ತಪ್ಪಿಸಿಕೊಳ್ಳಲು ಬಿಡಬಾರದು, ಅಡಿಸನ್ ಕಾಯಿಲೆ. ಅಪರೂಪ, ಆದರೆ ಅಪಾಯ. ಅಡ್ರಿನಲ್ ಗ್ರಂಥಿ ಸೋತು ಕಾರ್ಟಿಸೋಲ್ ಕಡಿಮೆಯಾಗಿರುತ್ತದೆ, ಇದರಿಂದಲೂ ಟಿಎಸ್‌ಎಚ್ ಸ್ವಲ್ಪ ಏರುತ್ತದೆ. ಆಗ ಬರೀ ಥೈರಾಯ್ಡ್ ಮಾತ್ರೆ ಕೊಟ್ಟರೆ ಇದ್ದ ಕಾರ್ಟಿಸೋಲ್ ಇನ್ನೂ ಬೇಗ ಖರ್ಚಾಗಿ ರೋಗಿ ಕುಸಿಯಬಹುದು. ತೂಕ ಇಳಿಯುವುದು, ನಿಂತಾಗ ತಲೆ ಸುತ್ತುವುದು, ಬಿಪಿ ಕಡಿಮೆ, ಉಪ್ಪಿನ ಆಸೆ, ಅಂಗೈ ಗೆರೆ ಮತ್ತು ಒಸಡು ಕಪ್ಪಾಗುವುದು ಇದರ ಗುರುತು. ಹೈಪೋಥೈರಾಯ್ಡ್‌ನಲ್ಲಿ ತೂಕ ಏರುವುದೇ ಸಾಮಾನ್ಯ. ಹಾಗಾಗಿ ತೂಕ ಇಳಿಯುತ್ತಿದ್ದರೆ, ಮಾತ್ರೆ ಶುರು ಮಾಡಿದ ಮೇಲೆ ಸುಸ್ತು ಇನ್ನೂ ಜಾಸ್ತಿಯಾದರೆ, ಬೆಳಗಿನ ಕಾರ್ಟಿಸೋಲ್ ನೋಡಿ ಅಂತ ಡಾಕ್ಟರನ್ನು ಕೇಳಿ. ಅಡಿಸನ್ ಇದ್ದರೆ ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಯ್ಡ್ ಮಾತ್ರೆ.

ಹಾಶಿಮೊಟೊ ಇದ್ದು ಹದಿನೈದು ವರ್ಷ. ಗಂಟಲ ಊತ ಕೆಲವೇ ವಾರದಲ್ಲಿ ದೊಡ್ಡದಾಗಿದೆ. ಆಂಟಿಬಾಡಿ ಏರಿರಬಹುದಾ?

ಆಂಟಿಬಾಡಿಯನ್ನು ಈಗ ಬದಿಗಿಡಿ, ಗಂಟಲು ತೋರಿಸಿ. ಹಾಶಿಮೊಟೊ ಊತ ವರ್ಷಗಟ್ಟಲೆ ನಿಧಾನವಾಗಿ ಬದಲಾಗುವಂಥದ್ದು. ವಾರಗಳಲ್ಲಿ ಬೆಳೆದು, ಗಟ್ಟಿಯಾಗಿ, ಧ್ವನಿ ಬದಲಾಗಿ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಥೈರಾಯ್ಡ್ ಲಿಂಫೋಮಾ ಅಥವಾ ಬೇರೆ ಬಗೆಯ ಕ್ಯಾನ್ಸರ್ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಲಿಂಫೋಮಾ ತೀರಾ ಅಪರೂಪ, ಬಂದರೆ ಹೆಚ್ಚಾಗಿ ಹಳೆಯ ಹಾಶಿಮೊಟೊ ಇರುವವರಲ್ಲೇ. ಬೇಗ ಗೊತ್ತಾದರೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ, ಬಹಳ ಸಲ ಆಪರೇಷನ್ ಕೂಡ ಬೇಕಾಗುವುದಿಲ್ಲ. ಈ ವಾರವೇ ಸ್ಕ್ಯಾನ್ ಮಾಡಿಸಿ, ಬಯಾಪ್ಸಿ ಬೇಕು ಅಂದರೆ ಹಿಂದೆ ಸರಿಯಬೇಡಿ. ಉಸಿರು ಕಟ್ಟಿದಂತಾದರೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ.